ಬಫರ್ 32 ಬೈಟಿನದು, ಉತ್ತರ 44 ಹೇಗೆ?

ಈ ಸಲದ ಅಂಕಣಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಕಂಪ್ಯೂಟರ್ ಸುರಕ್ಷತೆಯ ಸ್ಪರ್ಧೆಗಳ ಕುರಿತಾದವು. ‘ಕ್ಯಾಪ್ಚರ್ ದ ಫ್ಲ್ಯಾಗ್’, ಚಿಕ್ಕದಾಗಿ ಸಿಟಿಎಫ್ ಎಂದು ಕರೆಯಲಾಗುವ ಈ ಸ್ಪರ್ಧೆಗಳಲ್ಲಿ ದೋಷವಿರುವ ಪ್ರೋಗ್ರಾಮನ್ನು ಬೇಕೆಂದೇ ಬರೆದು ಸರ್ವರಿನಲ್ಲಿ ಓಡಿಸಿರುತ್ತಾರೆ. ದೋಷವನ್ನು ಹಿಡಿದು, ಒಳಗೆ ಬಚ್ಚಿಟ್ಟ ‘ಫ್ಲ್ಯಾಗ್’ ಎಂಬ ಅಕ್ಷರಸಾಲನ್ನು ಹೊರತೆಗೆದವರಿಗೆ ಅಂಕ ಸಿಗುತ್ತದೆ. ಪತ್ರಗಳ ಪೈಕಿ ಐದನ್ನು ಆರಿಸಿಕೊಂಡಿದ್ದೇನೆ. ಐದೂ ಸ್ಟ್ಯಾಕ್ ಬಫರ್ ಓವರ್‌ಫ್ಲೋ ಎಂಬ ಒಂದೇ ದೋಷದ ಸುತ್ತಲಿನವು. ಬಫರ್ ಎಂದರೆ ಮಾಹಿತಿ ತುಂಬಿಸಿಕೊಳ್ಳಲು ಮೆಮೊರಿಯಲ್ಲಿ ಕಾದಿರಿಸಿದ ಜಾಗ, ಸ್ಟ್ಯಾಕ್ ಎಂದರೆ ಪ್ರೋಗ್ರಾಮಿನ ತುಂಡುಗಳಾದ ಫಂಕ್ಷನ್ನುಗಳು ಓಡುವಾಗ ತಾತ್ಕಾಲಿಕವಾಗಿ ಬಳಸುವ ಮೆಮೊರಿ; ಅಲ್ಲಿರುವ ಬಫರ್ ತುಂಬಿ ಉಕ್ಕುವುದೇ ಈ ದೋಷ.

ಪ್ರಶ್ನೆ: ನಾನು ಮೂರನೇ ಸೆಮಿಸ್ಟರಿನ ಇಂಜಿನಿಯರಿಂಗ್ ವಿದ್ಯಾರ್ಥಿನಿ. ಪಿಕೊ ಸಿಟಿಎಫ್‌ನ 2022ರ ‘ಬಫರ್ ಓವರ್‌ಫ್ಲೋ 1’ ಎಂಬ ಸವಾಲನ್ನು ಬಿಡಿಸುತ್ತಿದ್ದೇನೆ. ಬಫರಿನ ಅಳತೆ 32 ಬೈಟು ಎಂದು ಮೂಲ ಕೋಡಿನಲ್ಲೇ ಇದೆ. ಹಾಗಾಗಿ 32 ‘ಎ’ ಅಕ್ಷರಗಳನ್ನು ಕೊಟ್ಟು, ಅದರ ಹಿಂದೆಯೇ ‘ವಿನ್’ ಫಂಕ್ಷನ್ನಿನ ವಿಳಾಸ ಕೊಟ್ಟೆ. ಪ್ರೋಗ್ರಾಮು ಏನೂ ಆಗದವರಂತೆ ಮುಗಿದುಹೋಗುತ್ತದೆ. ಸ್ನೇಹಿತರೆಲ್ಲ 32 ಅಲ್ಲ, 44 ಹಾಕು ಎನ್ನುತ್ತಾರೆ. ಹಾಕಿದರೆ ಫ್ಲ್ಯಾಗ್ ಬರುವುದೂ ನಿಜ. ಆದರೆ ಆ ಹೆಚ್ಚಿನ 12 ಬೈಟು ಎಲ್ಲಿಂದ ಬಂತೆಂದು ಯಾರಿಗೂ ಹೇಳಲಾಗುತ್ತಿಲ್ಲ. — ದಾವಣಗೆರೆಯಿಂದ

ಉತ್ತರ: ಫ್ಲ್ಯಾಗ್ ಕೈಗೆ ಬಂದ ಮೇಲೂ 12ರ ಲೆಕ್ಕ ಕೇಳುತ್ತಿದ್ದೀರಲ್ಲ, ಅದು ನನಗೆ ತುಂಬ ಸಂತೋಷ ಕೊಟ್ಟಿತು. ಬೇರೆ ಓದುಗರಿಗಾಗಿ ಎರಡು ಮಾತು: ಪಿಕೊ ಸಿಟಿಎಫ್ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವರು 2013ರಲ್ಲಿ ಆರಂಭಿಸಿದ ಸ್ಪರ್ಧೆ, ಹಳೆಯ ವರ್ಷಗಳ ಸವಾಲುಗಳನ್ನೂ ಅಭ್ಯಾಸಕ್ಕೆಂದು ಉಚಿತವಾಗಿ ಇಟ್ಟಿದ್ದಾರೆ. ನೀವು ಹೇಳುವ ಸವಾಲಿನಲ್ಲಿ ‘ವಲ್ನ್’ ಎಂಬ ಪುಟ್ಟ ಫಂಕ್ಷನ್ ‘ಗೆಟ್ಸ್’ ಮೂಲಕ ನಮ್ಮಿಂದ ಒಂದು ಸಾಲನ್ನು ಓದಿ 32 ಬೈಟಿನ ಬಫರಿಗೆ ತುಂಬಿಸುತ್ತದೆ. ‘ವಿನ್’ ಎಂಬ ಇನ್ನೊಂದು ಫಂಕ್ಷನ್ ಫ್ಲ್ಯಾಗನ್ನು ಮುದ್ರಿಸಬಲ್ಲದು, ಆದರೆ ಅದನ್ನು ಇಡೀ ಪ್ರೋಗ್ರಾಮಿನಲ್ಲಿ ಯಾರೂ ಕರೆಯುವುದಿಲ್ಲ. ಕರೆಯಿಸುವುದೇ ನಮ್ಮ ಕೆಲಸ.

ಒಂದು ಫಂಕ್ಷನ್ನನ್ನು ಕರೆದಾಗ, ಕೆಲಸ ಮುಗಿದ ಮೇಲೆ ಎಲ್ಲಿಗೆ ಮರಳಬೇಕು ಎಂಬ ವಿಳಾಸವನ್ನು ಪ್ರೊಸೆಸರು ಸ್ಟ್ಯಾಕಿನ ಮೇಲೆ ಬರೆದಿಡುತ್ತದೆ. ಇದಕ್ಕೆ ರಿಟರ್ನ್ ಅಡ್ರೆಸ್ ಎನ್ನುತ್ತಾರೆ. ಸ್ಟ್ಯಾಕ್ ಮೆಮೊರಿಯಲ್ಲಿ ದೊಡ್ಡ ವಿಳಾಸದಿಂದ ಚಿಕ್ಕ ವಿಳಾಸದ ಕಡೆಗೆ ಬೆಳೆಯುತ್ತದೆ, ಆದರೆ ಬಫರಿಗೆ ಅಕ್ಷರ ತುಂಬುವಾಗ ಚಿಕ್ಕ ವಿಳಾಸದಿಂದ ದೊಡ್ಡದರ ಕಡೆಗೆ ತುಂಬುತ್ತಾ ಹೋಗುತ್ತೇವೆ. ಈ ಎದುರುಬದುರು ದಿಕ್ಕೇ ಎಲ್ಲಕ್ಕೂ ಮೂಲ: ಬಫರ್ ಉಕ್ಕಿದರೆ ಮೊದಲೇ ಬರೆದಿಟ್ಟ ರಿಟರ್ನ್ ಅಡ್ರೆಸ್ಸಿನ ಮೇಲೆಯೇ ಉಕ್ಕುತ್ತದೆ. ತಾಲ್ಲೂಕು ಕಚೇರಿಯ ಅರ್ಜಿಯಲ್ಲಿ ಹೆಸರಿಗೆ ಕೊಟ್ಟ ಚೌಕಗಳು ಮುಗಿದರೂ ಬರೆಯುತ್ತಲೇ ಹೋದರೆ ಅಕ್ಷರಗಳು ಮುಂದಿನ ಖಾನೆಗೆ ಬೀಳುತ್ತವೆ, ಗುಮಾಸ್ತರು ಅದನ್ನೇ ವಿಳಾಸವೆಂದು ಓದಿಕೊಳ್ಳುತ್ತಾರೆ, ಹೆಚ್ಚುಕಡಿಮೆ ಹಾಗೆ. ‘ಗೆಟ್ಸ್’ಗೆ ಎಷ್ಟು ಚೌಕವಿದೆ ಎಂದು ತಿಳಿಸುವ ದಾರಿಯೇ ಇಲ್ಲ, ಹೊಸ ಸಾಲಿನ ಬೈಟು ಸಿಗುವವರೆಗೆ ಅದು ಬರೆಯುತ್ತಲೇ ಇರುತ್ತದೆ.

ಈಗ ನಿಮ್ಮ 12ಕ್ಕೆ ಬರೋಣ. ಇದು 32 ಬಿಟ್ಟಿನ ಪ್ರೋಗ್ರಾಮ್ ಆದ್ದರಿಂದ ಪ್ರತಿ ವಿಳಾಸಕ್ಕೆ 4 ಬೈಟು. ‘ವಲ್ನ್’ ಒಳಹೊಕ್ಕ ಕೂಡಲೇ, ರಿಟರ್ನ್ ಅಡ್ರೆಸ್ಸಿನ ಕೆಳಗೆ ‘ಇಬಿಪಿ’ ಎಂಬ ರಿಜಿಸ್ಟರಿನ (ಪ್ರೊಸೆಸರಿನೊಳಗಿನ ಪುಟ್ಟ ಖಾನೆಯ) ಹಳೆಯ ಬೆಲೆಯನ್ನು ಉಳಿಸಿಡುತ್ತದೆ. ಅದು 4 ಬೈಟು. ಅದರ ಕೆಳಗೆ ‘ಇಬಿಎಕ್ಸ್’ ರಿಜಿಸ್ಟರಿನ ಹಳೆಯ ಬೆಲೆ. ಅದೂ 4 ಬೈಟು. ಉಳಿದ 4 ಬೈಟಿನಲ್ಲಿ ಏನೂ ಇಲ್ಲ, ಅದು ಬರಿಯ ಖಾಲಿ ಜಾಗ. ಅದನ್ನು ಕಂಪೈಲರು (ಮೂಲ ಕೋಡನ್ನು ಪ್ರೊಸೆಸರಿನ ಸೂಚನೆಗಳಾಗಿ ಬದಲಿಸುವ ಪ್ರೋಗ್ರಾಮು) ಏಕೆ ಬಿಟ್ಟಿತೆಂದರೆ, ಸ್ಟ್ಯಾಕಿನ ಮೇಲೆ ಒಂದು ಫಂಕ್ಷನ್ ಹಿಡಿಯುವ ಒಟ್ಟು ಜಾಗ 16ರ ಗುಣಕವಾಗಿರಬೇಕೆಂದು ಅದು ನೋಡಿಕೊಳ್ಳುತ್ತದೆ. ರಿಟರ್ನ್ ಅಡ್ರೆಸ್ 4, ಇಬಿಪಿ 4, ಇಬಿಎಕ್ಸ್ 4, ಬಫರ್ 32, ಕೂಡಿದರೆ 44 ಆಯಿತು. ಅದು 16ರ ಗುಣಕವಲ್ಲ, ಮುಂದಿನ ಗುಣಕ 48, ಆದ್ದರಿಂದ 4 ಬೈಟು ಖಾಲಿ. ಬಫರಿನ ಆರಂಭದಿಂದ ಏರುತ್ತಾ ಹೋದರೆ 32 ಬಫರ್, 4 ಖಾಲಿ, 4 ಇಬಿಎಕ್ಸ್, 4 ಇಬಿಪಿ, ಇಲ್ಲಿಗೆ 44. ಅದರ ನಂತರದ 4 ಬೈಟೇ ರಿಟರ್ನ್ ಅಡ್ರೆಸ್. ನೀವು 32ರ ನಂತರ ಬರೆದ ವಿಳಾಸ ಯಾರೂ ಓದದ ಆ ಖಾಲಿ ಜಾಗದಲ್ಲಿ ಕೂತಿತ್ತು, ಅದಕ್ಕೇ ಪ್ರೋಗ್ರಾಮು ತಣ್ಣಗೆ ಮುಗಿಯಿತು.

ನನ್ನ ಮಾತನ್ನು ನಂಬಬೇಡಿ, ನೀವೇ ನೋಡಿ. ಈ ಸವಾಲಿನ ಪ್ರೋಗ್ರಾಮು ತಾನು ಎಲ್ಲಿಗೆ ಮರಳಲಿದ್ದೇನೆ ಎಂಬುದನ್ನು ಮರಳುವ ಮುನ್ನ ಮುದ್ರಿಸಿ ತೋರಿಸುತ್ತದೆ, ಕಲಿಯುವವರ ಮೇಲೆ ಅಷ್ಟು ಕಾಳಜಿಯಿಂದ ಬರೆದಿದ್ದಾರೆ. ಇಂಗ್ಲಿಷಿನ ‘ಎ’ 32 ಸಲ, ನಂತರ ‘ಬಿ’, ‘ಸಿ’, ‘ಡಿ’, ‘ಇ’ ಇವನ್ನು ನಾಲ್ಕು ನಾಲ್ಕು ಸಲ, ಎಲ್ಲವೂ ದೊಡ್ಡಕ್ಷರದಲ್ಲಿ, ಟೈಪ್ ಮಾಡಿ. ಹದಿನಾರರ ಎಣಿಕೆಯಲ್ಲಿ ‘ಎ’ಯ ಬೆಲೆ 41, ‘ಬಿ’ 42, ಹೀಗೆ ‘ಇ’ 45. ತೆರೆಯ ಮೇಲೆ 45454545 ಎಂದು ಮೂಡುತ್ತದೆ. ‘ಬಿ’ಗಳು ಖಾಲಿ ಜಾಗಕ್ಕೆ, ‘ಸಿ’ಗಳು ಇಬಿಎಕ್ಸ್‌ಗೆ, ‘ಡಿ’ಗಳು ಇಬಿಪಿಗೆ ಹೋದವು, ‘ಇ’ಗಳು ಮಾತ್ರ ಬೇಕಾದ ಕಡೆ ಬಿದ್ದವು. ನಾನು ಕಲಿಯುವಾಗ ಇದನ್ನು ಗೆರೆ ಎಳೆದ ನೋಟ್‌ಬುಕ್ಕಿನಲ್ಲಿ ಒಂದು ಸಾಲಿಗೆ 4 ಬೈಟಿನಂತೆ ಬರೆದುಕೊಳ್ಳುತ್ತಿದ್ದೆ, ಈಗಲೂ ಹೊಸ ಸವಾಲು ಸಿಕ್ಕಾಗ ಮೊದಲು ಮಾಡುವ ಕೆಲಸ ಅದೇ. 44 ಎಂಬ ಅಂಕಿಯನ್ನು ಬಾಯಿಪಾಠ ಮಾಡಿಕೊಂಡವರಿಗೆ ಮುಂದಿನ ಸವಾಲಿನಲ್ಲಿ ಬಫರ್ 100 ಬೈಟಿನದಾದರೆ ದಾರಿ ತೋಚುವುದಿಲ್ಲ, ಐದು ಅಕ್ಷರಗಳ ಈ ಪ್ರಯೋಗ ಗೊತ್ತಿದ್ದವರಿಗೆ ತೋಚುತ್ತದೆ.

ಇನ್ನೊಂದು ಮಾತು ಸೇರಿಸಲೇಬೇಕು. ‘ವಿನ್’ನ ವಿಳಾಸವನ್ನು ‘ಒಬ್ಜ್‌ಡಂಪ್’ ಅಥವಾ ‘ಜಿಡಿಬಿ’ ಎಂಬ, ಪ್ರೋಗ್ರಾಮಿನ ಒಳಗನ್ನು ತೋರಿಸುವ ಸಾಧನಗಳಲ್ಲಿ ನೋಡಿದ ಹಾಗೆಯೇ ಬರೆಯುವಂತಿಲ್ಲ. ಇಂಟೆಲ್ ಬಗೆಯ ಪ್ರೊಸೆಸರುಗಳು ಸಂಖ್ಯೆಯ ಕೊನೆಯ ಬೈಟನ್ನು ಮೊದಲು ಇಡುತ್ತವೆ. ಉದಾಹರಣೆಗೆ ವಿಳಾಸ 08049256 ಎಂದಿದ್ದರೆ, ಕಳಿಸಬೇಕಾದ ಬೈಟುಗಳ ಸಾಲು 56, 92, 04, 08. ನಾಲ್ಕೂ ‘ಇ’ ಒಂದೇ ಆಗಿದ್ದರಿಂದ ನಮ್ಮ ಪ್ರಯೋಗದಲ್ಲಿ ಈ ತಿರುವು ಕಾಣಲಿಲ್ಲ.

ಪ್ರಶ್ನೆ: ಅದೇ ಸವಾಲು. ಅಳತೆ 44 ಸರಿಯಿದೆ, ಬೈಟುಗಳನ್ನು ತಿರುಗಿಸಿಯೂ ಇದ್ದೇನೆ. ಪೈಥಾನ್ 3ರ ‘ಪ್ರಿಂಟ್’ನಿಂದ ಕಳಿಸುತ್ತಿದ್ದೇನೆ. ಪ್ರೋಗ್ರಾಮು ಮಾತ್ರ ನಾನು ಬರೆಯದೇ ಇರುವ ಯಾವುದೋ ವಿಳಾಸಕ್ಕೆ ಜಿಗಿಯುತ್ತೇನೆ ಎನ್ನುತ್ತದೆ. — ಬೆಂಗಳೂರಿನಿಂದ, ಸ್ವಂತವಾಗಿ ಕಲಿಯುತ್ತಿರುವ ಉದ್ಯೋಗಿ

ಉತ್ತರ: ನಿಮ್ಮ ತಪ್ಪು ವಿಳಾಸದಲ್ಲಿಲ್ಲ, ಪ್ರಿಂಟ್‌ನಲ್ಲಿದೆ. ಪೈಥಾನ್ 3ರಲ್ಲಿ ಪ್ರಿಂಟ್ ಕಳಿಸುವುದು ಬೈಟುಗಳನ್ನಲ್ಲ, ಅಕ್ಷರಗಳನ್ನು. ಕಳಿಸುವ ಮುನ್ನ ಅವುಗಳನ್ನು ಯುಟಿಎಫ್-8 ಎಂಬ ಸಂಕೇತಕ್ಕೆ ಬದಲಿಸುತ್ತದೆ. ಬೆಲೆ 127ರವರೆಗಿನ ಅಕ್ಷರಗಳು ಒಂದೊಂದೇ ಬೈಟಾಗಿ ಹೋಗುವುದರಿಂದ 44 ‘ಎ’ಗಳಿಗೆ ಏನೂ ಆಗುವುದಿಲ್ಲ. ಮೇಲಿನ ಉದಾಹರಣೆಯ 92 ಎಂಬ ಬೈಟು ದಶಮಾನದಲ್ಲಿ 146. ಅದು 127ನ್ನು ಮೀರಿರುವುದರಿಂದ 194, 146 ಎಂಬ ಎರಡು ಬೈಟಾಗಿ ಹೋಗುತ್ತದೆ. ಅಲ್ಲಿಂದ ಮುಂದಿನದೆಲ್ಲ ಒಂದು ಸ್ಥಾನ ಪಕ್ಕಕ್ಕೆ ಸರಿಯುತ್ತದೆ, ವಿಳಾಸ ಕೆಡುತ್ತದೆ. ಪೈಥಾನಿನಲ್ಲಿ ಬೈಟ್ಸ್ ಎಂಬ ಬಗೆಯನ್ನೇ ಬಳಸಿ ‘ಸಿಸ್’ ಮಾಡ್ಯೂಲಿನ ಸ್ಟ್ಯಾಂಡರ್ಡ್ ಔಟ್‌ಪುಟ್ ಬಫರಿಗೆ ನೇರವಾಗಿ ಬರೆಯಿರಿ, ಇಲ್ಲವೇ ಪನ್‌ಟೂಲ್ಸ್ ಎಂಬ ಲೈಬ್ರರಿಯನ್ನು ಹಾಕಿಕೊಳ್ಳಿ. ಅದರ ‘ಪಿ32’ ಫಂಕ್ಷನ್ ಬೈಟು ತಿರುಗಿಸುವ ಕೆಲಸವನ್ನೂ ಮಾಡುತ್ತದೆ.

ಈ ಯುಟಿಎಫ್-8 ಕನ್ನಡಿಗರಾದ ನಮಗೆ ಬೇರೆಯದೇ ಕಾರಣಕ್ಕೆ ಮುಖ್ಯ. ಕನ್ನಡದ ಪ್ರತಿ ಸಂಕೇತಕ್ಕೂ ಅದರಲ್ಲಿ 3 ಬೈಟು ಬೇಕು. ಅದೇ 32 ಬೈಟಿನ ಬಫರಿಗೆ ‘ಕ’ ಎಂದು ಹನ್ನೊಂದು ಸಲ ಟೈಪ್ ಮಾಡಿದರೆ 33 ಬೈಟಾಗಿ ಬಫರ್ ಉಕ್ಕಿಯಾಯಿತು. ‘ಲಕ್ಷ್ಮಿ’ ಎಂಬ ಹೆಸರು ಕಣ್ಣಿಗೆ ಎರಡೇ ಅಕ್ಷರ. ಕಂಪ್ಯೂಟರಿಗೆ ಅದು ಲ, ಕ, ಅರ್ಧಾಕ್ಷರದ ಚಿಹ್ನೆ, ಷ, ಮತ್ತೆ ಅದೇ ಚಿಹ್ನೆ, ಮ, ಗುಡಿಸು ಎಂಬ ಏಳು ಸಂಕೇತ, ಅಂದರೆ 21 ಬೈಟು. ಹೆಸರಿಗೆ 20 ಅಕ್ಷರ ಸಾಕು ಎಂದು ಇಂಗ್ಲಿಷಿನ ಲೆಕ್ಕದಲ್ಲಿ 20 ಬೈಟಿನ ಬಫರ್ ಇಟ್ಟು, ಉದ್ದವನ್ನು ಪರೀಕ್ಷಿಸದೆ ಬರೆದ ಸಿ ಪ್ರೋಗ್ರಾಮಿಗೆ ಯಾವ ದಾಳಿಕೋರನೂ ಬೇಕಿಲ್ಲ, ಲಕ್ಷ್ಮಿ ತನ್ನ ಹೆಸರನ್ನು ತನ್ನ ಭಾಷೆಯಲ್ಲಿ ಬರೆದರೆ ಸಾಕು, ಮೆಮೊರಿ ಕೆಡುತ್ತದೆ. ಕನ್ನಡದಲ್ಲಿ ಮಾಹಿತಿ ತುಂಬಿಸಿಕೊಳ್ಳುವ ತಂತ್ರಾಂಶ ಬರೆಯುವವರು ಅಕ್ಷರಗಳನ್ನಲ್ಲ, ಬೈಟುಗಳನ್ನು ಎಣಿಸಬೇಕೆಂದು ಈ ಅಂಕಣದ ಮೂಲಕ ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ಪ್ರಶ್ನೆ: ನಮ್ಮ ಕಾಲೇಜಿನ ಸ್ಪರ್ಧೆಯಲ್ಲಿ 64 ಬಿಟ್ಟಿನ ಸವಾಲು ಕೊಟ್ಟಿದ್ದರು. ಬಫರ್ 64 ಬೈಟು, ರಿಟರ್ನ್ ಅಡ್ರೆಸ್‌ವರೆಗಿನ ದೂರ 72 ಎಂದು ಕಂಡುಕೊಂಡೆ. ‘ವಿನ್’ ಒಳಗೆ ‘ಸಿಸ್ಟಮ್’ ಫಂಕ್ಷನ್ ಶೆಲ್ಲನ್ನು (ನಾವು ಟೈಪ್ ಮಾಡಿದ ಆದೇಶಗಳನ್ನು ನಡೆಸುವ ಪ್ರೋಗ್ರಾಮನ್ನು) ತೆರೆಯಬೇಕು. ಜಿಡಿಬಿಯಲ್ಲಿ ನೋಡಿದರೆ ‘ವಿನ್’ ಒಳಗೆ ಹೋಗಿಯೇ ಇದ್ದೇನೆ, ಆದರೆ ಲಿಬ್‌ಸಿ ಎಂಬ ಸಿ ಭಾಷೆಯ ಲೈಬ್ರರಿಯ ಒಳಗೆಲ್ಲೋ ‘ಮೂವ್‌ಎಪಿಎಸ್’ ಎಂಬ ಸೂಚನೆಯ ಬಳಿ ಪ್ರೋಗ್ರಾಮು ಸಾಯುತ್ತದೆ. ಸ್ಪರ್ಧೆ ಮುಗಿಯುವವರೆಗೂ 72 ತಪ್ಪಿರಬೇಕೆಂದು 70, 71, 73 ಎಂದು ಬದಲಿಸುತ್ತಾ ಕೂತೆ. — ಹುಬ್ಬಳ್ಳಿಯಿಂದ

ಉತ್ತರ: 72 ಸರಿಯಾಗಿತ್ತು. ಬಫರ್ 64, ಉಳಿಸಿಟ್ಟ, 64 ಬಿಟ್ಟಿನಲ್ಲಿ ಇಬಿಪಿಯ ಸ್ಥಾನದಲ್ಲಿರುವ ‘ಆರ್‌ಬಿಪಿ’ 8, ಒಟ್ಟು 72. ‘ವಿನ್’ ಒಳಗೆ ಹೋದದ್ದೇ ಅದಕ್ಕೆ ಸಾಕ್ಷಿ. ಅಂಕಿ ತಪ್ಪಿದ್ದರೆ ಅಲ್ಲಿಗೆ ಕಾಲಿಡುವುದೇ ಸಾಧ್ಯವಿರಲಿಲ್ಲ. ಕೆಲಸ ಮಾಡಿದ ಭಾಗವನ್ನು ಅನುಮಾನಿಸಿ ಕೆಡಿಸುತ್ತಾ ಹೋಗುವುದು ಹೊಸಬರೆಲ್ಲ ಮಾಡುವ ತಪ್ಪು, ನಾನೂ ಒಂದು ಇಡೀ ರಾತ್ರಿಯನ್ನು ಹೀಗೆಯೇ ಕಳೆದಿದ್ದೇನೆ.

ದಾವಣಗೆರೆಯ ಓದುಗರಿಗೆ ಹೇಳಿದ 16ರ ನಿಯಮ ಇಲ್ಲಿ ಮತ್ತೆ ಎದುರಾಗುತ್ತದೆ. ಲಿನಕ್ಸಿನ 64 ಬಿಟ್ಟಿನ ವ್ಯವಸ್ಥೆಯಲ್ಲಿ, ಯಾವುದೇ ಫಂಕ್ಷನ್ನನ್ನು ಕರೆಯುವ ಕ್ಷಣದಲ್ಲಿ ಸ್ಟ್ಯಾಕಿನ ತುದಿಯ ವಿಳಾಸ 16ರಿಂದ ಶೇಷವಿಲ್ಲದೆ ಭಾಗವಾಗಬೇಕು ಎಂಬ ಒಪ್ಪಂದವಿದೆ. ‘ಕಾಲ್’ ಸೂಚನೆ ರಿಟರ್ನ್ ಅಡ್ರೆಸ್ಸಿನ 8 ಬೈಟನ್ನು ಸೇರಿಸುವುದರಿಂದ ಫಂಕ್ಷನ್ನಿನ ಹೊಸ್ತಿಲಲ್ಲಿ ಶೇಷ 8 ಇರುತ್ತದೆ, ಫಂಕ್ಷನ್ ಆರ್‌ಬಿಪಿಯನ್ನು ಸ್ಟ್ಯಾಕಿಗೆ ತಳ್ಳಿದ ಮೇಲೆ ಮತ್ತೆ ಸೊನ್ನೆಯಾಗುತ್ತದೆ. ನೀವು ‘ವಿನ್’ಗೆ ಹೋದದ್ದು ‘ಕಾಲ್’ನಿಂದಲ್ಲ, ‘ರೆಟ್’ನಿಂದ. ರೆಟ್ 8 ಬೈಟನ್ನು ತೆಗೆಯುತ್ತದೆ, ಸೇರಿಸುವುದಿಲ್ಲ. ಹಾಗಾಗಿ ಹೊಸ್ತಿಲಲ್ಲಿ ಶೇಷ ಸೊನ್ನೆ, ಆರ್‌ಬಿಪಿಯನ್ನು ತಳ್ಳಿದ ಮೇಲೆ 8; ‘ಸಿಸ್ಟಮ್’ನನ್ನು ಕರೆಯುವ ಹೊತ್ತಿಗೆ ಒಪ್ಪಂದ ಮುರಿದಿದೆ. ಮೂವ್‌ಎಪಿಎಸ್ ಸೂಚನೆ ಒಮ್ಮೆಗೆ 16 ಬೈಟನ್ನು ಸಾಗಿಸುತ್ತದೆ, ಅದಕ್ಕೆ 16ರ ಗುಣಕವಾದ ವಿಳಾಸವೇ ಬೇಕು. ಸಿಗದಿದ್ದರೆ ಪ್ರೊಸೆಸರು ಅಲ್ಲಿಯೇ ನಿಲ್ಲಿಸುತ್ತದೆ. ‘ವಿನ್’ ಒಳಗೆ ‘ಪುಟ್ಸ್’ನಂಥ ಸರಳ ಫಂಕ್ಷನ್ ಮಾತ್ರ ಇದ್ದಿದ್ದರೆ ಬಹುಶಃ ನೀವು ಪಾರಾಗುತ್ತಿದ್ದಿರಿ.

ಪರಿಹಾರ ಎಂಟೇ ಬೈಟಿನದು. ಪ್ರೋಗ್ರಾಮಿನೊಳಗೆ ಎಲ್ಲಾದರೂ ಇರುವ ಒಂದು ಒಂಟಿ ‘ರೆಟ್’ ಸೂಚನೆಯ ವಿಳಾಸವನ್ನು ಹುಡುಕಿ. ಪ್ರತಿ ಫಂಕ್ಷನ್ನಿನ ಕೊನೆಯಲ್ಲೂ ಒಂದಿರುತ್ತದೆ. 72 ಬೈಟು, ಆಮೇಲೆ ಆ ‘ರೆಟ್’ನ ವಿಳಾಸ, ಆಮೇಲೆ ‘ವಿನ್’ನ ವಿಳಾಸ ಎಂದು ಕಳಿಸಿ. ನಡುವಿನ ರೆಟ್ ಏನನ್ನೂ ಮಾಡದೆ ಇನ್ನೊಂದು 8 ಬೈಟನ್ನು ತೆಗೆದು ಮುಂದಕ್ಕೆ ಕಳಿಸುತ್ತದೆ, ಶೇಷ ಸರಿಹೋಗುತ್ತದೆ. ‘ವಿನ್’ನ ಆರಂಭಕ್ಕೆ ಜಿಗಿಯುವ ಬದಲು, ಆರ್‌ಬಿಪಿಯನ್ನು ತಳ್ಳುವ ಸೂಚನೆಯನ್ನು ದಾಟಿ ಅದರ ಮುಂದಿನ ಸೂಚನೆಗೆ ಜಿಗಿದರೂ ಅದೇ ಫಲ. 64 ಬಿಟ್ಟಿನ ವಿಳಾಸಗಳಲ್ಲಿ ಸೊನ್ನೆ ಬೈಟುಗಳು ಹೆಚ್ಚು, ಅದರಿಂದ ತೊಂದರೆಯಿಲ್ಲವೇ ಎಂದು ನಿಮಗೆ ಅನ್ನಿಸಬಹುದು: ಗೆಟ್ಸ್ ಸೊನ್ನೆಗೆ ನಿಲ್ಲುವುದಿಲ್ಲ. ಸೊನ್ನೆಗೆ ನಿಲ್ಲುವುದು ‘ಎಸ್‌ಟಿಆರ್‌ಕಾಪಿ’ಯಂಥವು.

ಪ್ರಶ್ನೆ: ನನ್ನ ಮಗಳು ಪಿಯುಸಿ ಓದುತ್ತಿದ್ದಾಳೆ. ರಾತ್ರಿ ಹೊತ್ತು ‘ಪ್ರೋಗ್ರಾಮ್ ಒಡೆಯುತ್ತಿದ್ದೇನೆ ಅಮ್ಮ’ ಎನ್ನುತ್ತಾಳೆ. ಕೇಳಿದರೆ ಸ್ಪರ್ಧೆ ಎನ್ನುತ್ತಾಳೆ. ಇದು ಕಾನೂನಿಗೆ ವಿರುದ್ಧವಲ್ಲವೇ? ಇದರಿಂದ ಮುಂದೆ ಅವಳಿಗೆ ಪ್ರಯೋಜನವಿದೆಯೇ? — ಶಿವಮೊಗ್ಗದಿಂದ ಒಬ್ಬ ತಾಯಿ

ಉತ್ತರ: ತಾಯಿಯವರೇ, ನಿಮ್ಮ ಆತಂಕ ನ್ಯಾಯವಾದದ್ದು, ಮಗಳು ನಿಮಗೆ ಮುಚ್ಚಿಡದೆ ಹೇಳುತ್ತಿರುವುದು ಒಳ್ಳೆಯ ಲಕ್ಷಣ. ಸ್ಪರ್ಧೆಯವರು ಒಡೆಯಲೆಂದೇ ಇಟ್ಟ ಪ್ರೋಗ್ರಾಮನ್ನು, ಅವರ ನಿಯಮದೊಳಗೆ ಒಡೆಯುವುದು ಅಪರಾಧವಲ್ಲ. ಅಲ್ಲಿ ಮಾಲೀಕರ ಅನುಮತಿಯಿದೆ. ಅನುಮತಿಯಿಲ್ಲದೆ ಬೇರೆಯವರ ಕಂಪ್ಯೂಟರಿಗೆ ನುಗ್ಗಿದರೆ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಸೆಕ್ಷನ್ ಪ್ರಕಾರ ಪರಿಹಾರ ಕೊಡಬೇಕಾಗುತ್ತದೆ, ಅದನ್ನು ಅಪ್ರಾಮಾಣಿಕವಾಗಿ ಅಥವಾ ಮೋಸದಿಂದ ಮಾಡಿದ್ದರೆ 66ನೇ ಸೆಕ್ಷನ್ ಪ್ರಕಾರ ಮೂರು ವರ್ಷದವರೆಗೆ ಸೆರೆ, ಐದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಈ ಗೆರೆ ಎಲ್ಲಿದೆ ಎಂದು ಅವಳೊಡನೆ ಕೂತು ಮಾತಾಡಿ. ಸ್ಪರ್ಧೆಯ ಹೊರಗೆ ಎಲ್ಲಾದರೂ ದೋಷ ಅವಳ ಕಣ್ಣಿಗೆ ಬಿದ್ದರೆ, ಮುಟ್ಟಿ ಪರೀಕ್ಷಿಸದೆ ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆಗೆ ತಿಳಿಸುವ ವ್ಯವಸ್ಥೆಯಿದೆ. ನಮ್ಮ ದೇಶದಲ್ಲೇ ಕೇರಳದ ಅಮೃತಪುರಿಯ ಅಮೃತ ವಿಶ್ವವಿದ್ಯಾಲಯದ ‘ಬಯೋಸ್’ ತಂಡದವರು 2010ರಿಂದ ‘ಇನ್‌ಸಿಟಿಎಫ್’ ನಡೆಸಿಕೊಂಡು ಬಂದಿದ್ದಾರೆ, ಶಾಲಾಮಕ್ಕಳಿಗೆಂದು ಅದರ ಪ್ರತ್ಯೇಕ ರೂಪವೂ ಇದೆ.

ಪ್ರಯೋಜನದ ಮಾತಿಗೆ ಒಂದು ನಡೆದ ಘಟನೆಯನ್ನೇ ಹೇಳುತ್ತೇನೆ. 1988ರ ನವೆಂಬರ್ 2ರಂದು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಾಬರ್ಟ್ ಮೋರಿಸ್ ಬಿಟ್ಟ ಒಂದು ಪ್ರೋಗ್ರಾಮು ತಾನಾಗಿ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಹರಡಿ ಅಂದಿನ ಇಂಟರ್‌ನೆಟ್ಟಿನ ದೊಡ್ಡ ಭಾಗವನ್ನು ಸ್ತಬ್ಧಗೊಳಿಸಿತು. ಅದು ಬಳಸಿದ ದಾರಿಗಳಲ್ಲಿ ಒಂದು, ‘ಫಿಂಗರ್’ ಎಂಬ ಸೇವೆಯೊಳಗಿನ 512 ಬೈಟಿನ ಬಫರಿಗೆ 536 ಬೈಟು ಕಳಿಸುವುದು; ಆ ಬಫರಿಗೆ ಓದಿಕೊಳ್ಳುತ್ತಿದ್ದದ್ದು ನಿಮ್ಮ ಮಗಳು ಈಗ ನೋಡುತ್ತಿರುವ ಇದೇ ಗೆಟ್ಸ್. ಅಷ್ಟಾದರೂ ಸಿ ಭಾಷೆಯ ಮಾನಕದಿಂದ ಗೆಟ್ಸನ್ನು ಕೈಬಿಡಲು 2011ರವರೆಗೆ ಕಾಯಬೇಕಾಯಿತು. ಈ ನಡುವೆ ರಕ್ಷಣೆಗಳು ಬಂದವು. 1998ರ ‘ಸ್ಟ್ಯಾಕ್‌ಗಾರ್ಡ್’, ರಿಟರ್ನ್ ಅಡ್ರೆಸ್ಸಿನ ಮುಂದೆ ಒಂದು ಗುಪ್ತ ಸಂಖ್ಯೆಯನ್ನು ಕಾವಲಿಗಿಟ್ಟು, ಮರಳುವ ಮುನ್ನ ಅದು ಬದಲಾಗಿದೆಯೇ ಎಂದು ನೋಡುವ ಉಪಾಯವನ್ನು ತಂದಿತು. ಗಣಿಯೊಳಗೆ ವಿಷಾನಿಲದ ಸುಳಿವಿಗೆಂದು ಒಯ್ಯುತ್ತಿದ್ದ ಹಕ್ಕಿಯ ನೆನಪಿನಲ್ಲಿ ಆ ಸಂಖ್ಯೆಗೆ ಕ್ಯಾನರಿ ಎಂದು ಹೆಸರು. ಸ್ಟ್ಯಾಕಿನ ಮೇಲಿನ ಬೈಟುಗಳನ್ನು ಸೂಚನೆಗಳೆಂದು ಓಡಿಸದಿರುವುದು, ಪ್ರತಿ ಸಲವೂ ವಿಳಾಸಗಳನ್ನು ಕಲಸಿಡುವುದು, ಇವೂ ಈಗ ಮಾಮೂಲು. ಆರಂಭದ ಸವಾಲುಗಳಲ್ಲಿ ಇವುಗಳ ಪೈಕಿ ಬೇಕಾದ್ದನ್ನು ತೆಗೆದಿಟ್ಟಿರುತ್ತಾರೆ, ಮುಂದಿನ ಮೆಟ್ಟಿಲುಗಳಲ್ಲಿ ಒಂದೊಂದಾಗಿ ಸೇರಿಸುತ್ತಾರೆ. ಒಂದು ರಕ್ಷಣೆ ಏತಕ್ಕೆ ಬೇಕೆಂಬುದನ್ನು ಅದಿಲ್ಲದ ಪ್ರೋಗ್ರಾಮನ್ನು ತಾನೇ ಒಡೆದು ಕಂಡವಳು, ಪಾಠದಲ್ಲಿ ಓದಿದವಳಿಗಿಂತ ಚೆನ್ನಾಗಿ ಪ್ರೋಗ್ರಾಮು ಬರೆಯುತ್ತಾಳೆ. ನಿದ್ದೆ ಕೆಡದಂತೆ ಮಾತ್ರ ನೋಡಿಕೊಳ್ಳಿ.

ಪ್ರಶ್ನೆ: ‘ಬಫರ್ ಓವರ್‌ಫ್ಲೋ 1’ ನನ್ನ ಲ್ಯಾಪ್‌ಟಾಪಿನಲ್ಲಿ ‘ವಿನ್’ಗೆ ತಲುಪುತ್ತದೆ, ಆದರೆ ಫ್ಲ್ಯಾಗ್ ಬರುವುದಿಲ್ಲ. ಇನ್ನೊಂದು ಸವಾಲಿನಲ್ಲಿ ಶೆಲ್ ತೆರೆದ ಕೂಡಲೇ ಮುಚ್ಚಿಹೋಗುತ್ತದೆ. — ಮೈಸೂರಿನಿಂದ

ಉತ್ತರ: ಮೊದಲನೆಯದರಲ್ಲಿ ನೀವು ಗೆದ್ದಾಗಿದೆ. ‘ವಿನ್’ ಫ್ಲ್ಯಾಗನ್ನು ‘ಫ್ಲ್ಯಾಗ್’ ಎಂಬ ಹೆಸರಿನ ಟೆಕ್ಸ್ಟ್ ಫೈಲಿನಿಂದ ಓದುತ್ತದೆ, ಆ ಫೈಲು ಸರ್ವರಿನಲ್ಲಿ ಮಾತ್ರ ಇದೆ. ನಿಮ್ಮ ಫೋಲ್ಡರಿನಲ್ಲಿ ಅದೇ ಹೆಸರಿನ ಫೈಲು ಮಾಡಿ ಏನಾದರೂ ಒಂದು ಸಾಲು ಬರೆದಿಟ್ಟು ಪರೀಕ್ಷಿಸಿ, ಆ ಸಾಲು ಮೂಡಿದರೆ ಅವೇ ಬೈಟುಗಳನ್ನು ಸರ್ವರಿಗೆ ಕಳಿಸಿ. ಎರಡನೆಯದರಲ್ಲಿ, ನಿಮ್ಮ ಪೈಥಾನ್ ಪ್ರೋಗ್ರಾಮು ಬೈಟುಗಳನ್ನು ಕಳಿಸಿ ಮುಗಿಯುತ್ತಿದ್ದಂತೆ ಆ ಬೈಟುಗಳನ್ನು ಸವಾಲಿನ ಪ್ರೋಗ್ರಾಮಿಗೆ ಸಾಗಿಸುವ ಪೈಪು ಮುಚ್ಚುತ್ತದೆ. ಶೆಲ್ ತೆರೆದಿದ್ದರೂ ಓದಲು ಏನೂ ಉಳಿದಿಲ್ಲವಾದ್ದರಿಂದ ಹೊರಟುಹೋಗುತ್ತದೆ. ಆವರಣದೊಳಗೆ ಪೈಥಾನ್ ಆದೇಶದ ನಂತರ ಬಂದದ್ದನ್ನು ಹಾಗೆಯೇ ಮುಂದಕ್ಕೆ ಕಳಿಸುವ ‘ಕ್ಯಾಟ್’ ಎಂಬ ಆದೇಶ ಸೇರಿಸಿ ಎರಡನ್ನೂ ಒಟ್ಟಿಗೆ ಪೈಪಿಗೆ ಕೊಟ್ಟರೆ, ನೀವು ಕೀಲಿಮಣೆಯಲ್ಲಿ ಟೈಪ್ ಮಾಡುವುದು ಶೆಲ್ಲಿಗೆ ಹೋಗುತ್ತಲೇ ಇರುತ್ತದೆ. ಪನ್‌ಟೂಲ್ಸ್ ಬಳಸುತ್ತಿದ್ದರೆ ಕೊನೆಯ ಸಾಲಿಗೆ ‘ಇಂಟರ್‌ಆ್ಯಕ್ಟಿವ್’ ಎಂದು ಬರೆಯಿರಿ. ಶೆಲ್ ತೆರೆದಾಗ ಯಾವ ಗುರುತೂ ಮೂಡದೆ ತೆರೆ ಖಾಲಿಯಾಗಿ ಕಾಣಬಹುದು. ಕಾಯಬೇಡಿ, ‘ಎಲ್‌ಎಸ್’ (ಫೈಲುಗಳ ಪಟ್ಟಿ ತೋರಿಸುವ ಆದೇಶ) ಎಂದು ಟೈಪ್ ಮಾಡಿ ನೋಡಿ.